ಗಮಕಕ್ಕೆ ಅಡ್ಡ ಬಂದ ಕೀಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಮದುವೆಯಿರಲಿ, ತೇರಿರಲಿ, ವಾಲಗ ಬೇಕೇ ಬೇಕು. ಇಲ್ಲಿನ ಕಿವಿ ಪಳಗಿದ್ದು ನಾಗಸ್ವರಕ್ಕೆ. ಅದರಲ್ಲಿ ತೂತು ಮುಚ್ಚಿ ತೆರೆಯುವ ಕೀ ಎಂಬುದೇ ಇಲ್ಲ. ಬೆರಳಿಗೆ ಏಳು ತೂತು. ಅವುಗಳ ಕೆಳಗಿನ ಇನ್ನೈದು ತೂತಿಗೆ ಬೇಕಾದಷ್ಟು ಮೇಣ ಮೆತ್ತಿ ಶ್ರುತಿ ಸರಿಮಾಡಿಕೊಳ್ಳುತ್ತಾರೆ. ಸ್ವರದಿಂದ ಸ್ವರಕ್ಕೆ ಜಾರುವ ಗಮಕಕ್ಕೆ ಬೆರಳನ್ನು ಅರ್ಧ ಎತ್ತಿದರಾಯಿತು. ಮೈತುಂಬ ಕೀ ಹೊತ್ತ ಕ್ಲಾರಿಯೊನೆಟ್ ಇಂಥ ಸಂಗೀತಕ್ಕೆ ಒಗ್ಗಿದ್ದು ಸಲೀಸಾಗೇನಲ್ಲ.

ಆ ವಾದ್ಯ ಹುಟ್ಟಿದ್ದು 1700ರ ಆಸುಪಾಸಿನಲ್ಲಿ, ಜರ್ಮನಿಯ ನ್ಯೂರೆಂಬರ್ಗ್‌ನ ವಾದ್ಯ ತಯಾರಕ ಡೆನ್ನರ್ ಕೈಯಲ್ಲಿ, ಎರಡೇ ಕೀಗಳೊಂದಿಗೆ. ಕೀ ಹೆಚ್ಚಿದಂತೆ ಗಾಳಿ ಸೋರುವ ಕಾಟವೂ ಹೆಚ್ಚಿತು. 1812ರಲ್ಲಿ ವಾದಕ ಇವಾನ್ ಮ್ಯುಲ್ಲರ್ 13 ಕೀಗಳಿಗೂ ಮೆತ್ತನೆಯ ತೊಗಲಿನ ಪ್ಯಾಡ್ ಕೂರಿಸಿ ಪ್ಯಾರಿಸ್ ಕನ್ಸರ್ವೇಟರಿಯ ಮುಂದಿಟ್ಟ. ಪರೀಕ್ಷಕರು ಒಪ್ಪಲಿಲ್ಲ, ವಾದಕರು ಒಪ್ಪಿದರು.

ನಾದದ ಗುಟ್ಟು ಇವತ್ತಿಗೂ ಆ ಪ್ಯಾಡಿನಲ್ಲೇ ಇದೆ. ತೆರೆದಾಗ ಪ್ಯಾಡ್ ತೂತಿಗೆ ತೀರ ಹತ್ತಿರ ನಿಂತರೆ ಸ್ವರ ಮಂಕಾಗಿ, ಶ್ರುತಿ ಇಳಿಯುತ್ತದೆ. ತೀರ ಮೇಲೆದ್ದರೆ ಶ್ರುತಿ ಏರುತ್ತದೆ. ಕೀ ಕೆಳಗಿನ ಕಾರ್ಕನ್ನು ಕೂದಲೆಳೆಯಷ್ಟು ಉಜ್ಜಿಯೋ ದಪ್ಪಮಾಡಿಯೋ ಇದನ್ನು ಸರಿಪಡಿಸಬೇಕು. ಸೋರಿಕೆ ಹಿಡಿಯಲು ಸಿಗರೇಟ್ ಕಾಗದದ ಸಣ್ಣ ಪಟ್ಟಿ ಸಾಕು: ಪ್ಯಾಡಿನಡಿ ಇಟ್ಟು ಎಳೆದಾಗ ಸುತ್ತಲೂ ಒಂದೇ ಹಿಡಿತ ಸಿಗಬೇಕು. ಸಿಗದಿದ್ದರೆ ಕೀಯನ್ನು ಕಾಯಿಸಿ, ಅರಗು ಕರಗಿಸಿ, ಪ್ಯಾಡನ್ನು ಮತ್ತೆ ಕೂರಿಸಬೇಕು.

ನಮ್ಮಲ್ಲಿ ಕ್ಲಾರಿಯೊನೆಟ್ಟನ್ನು ನೃತ್ಯದ ಮೇಳಕ್ಕೆ ತಂದವರು 19ನೇ ಶತಮಾನದ ತಂಜಾವೂರಿನ ಮಹಾದೇವ ನಟ್ಟುವನಾರ್. ಅತ್ತ ಫ್ರಾನ್ಸಿನಲ್ಲಿ ವಾದಕ ಕ್ಲೋಜೆ ಮತ್ತು ತಯಾರಕ ಬುಫೆ 1844ರಲ್ಲಿ ಪೇಟೆಂಟ್ ಪಡೆದ ಬೋಮ್ ಎಂಬ ಕೀ ಪದ್ಧತಿ ಜಗತ್ತಿನ ಬಹುಭಾಗವನ್ನು ಗೆದ್ದಿತು. ಆದರೆ ಅದರಲ್ಲಿ ಬೆರಳ ತೂತುಗಳ ಸುತ್ತ ಬಳೆಗಳಿವೆ. ಬಳೆ ಅದುಮಿದರೆ ಇನ್ನೆಲ್ಲೋ ಒಂದು ಪ್ಯಾಡ್ ಮುಚ್ಚಿಕೊಳ್ಳುತ್ತದೆ. ಜಾರು ಹಿಡಿಯಹೋದರೆ ಸ್ವರ ಮುಗ್ಗರಿಸುತ್ತದೆ. ಹೀಗಾಗಿ ನಮ್ಮ ವಾದಕರು ಬಳೆ ಕಡಿಮೆಯಿರುವ ಹಳೆಯ ಆಲ್ಬರ್ಟ್ ಮಾದರಿಯನ್ನೇ ನೆಚ್ಚಿಕೊಂಡರು. ರಾಯಚೂರಿನಲ್ಲಿ ಸಿದ್ಧರಾಮ ಜಂಬಲದಿನ್ನಿಯವರ ಶಿಷ್ಯ ನರಸಿಂಹಲು ವಡವಾಟಿ ಕ್ಲಾರಿಯೊನೆಟ್ಟಿನಲ್ಲೇ ಹಿಂದೂಸ್ತಾನಿ ರಾಗಗಳನ್ನು ನುಡಿಸಿ ಹೆಸರಾದರು.

ಸ್ಯಾಕ್ಸೋಫೋನಿನದು ಇನ್ನೂ ಕಷ್ಟ. ಅಲ್ಲಿ ಬೆರಳಿಗೆ ತೂತೇ ಸಿಗದು, ಎಲ್ಲವೂ ಪ್ಯಾಡಿನಡಿ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮರುಳಾದ ಬಂಟ್ವಾಳ ಸೀಮೆಯ ಕದ್ರಿ ಗೋಪಾಲನಾಥ್ (1949–2019) ನಾಗಸ್ವರ ವಾದಕರ ಮಗ. ಗಮಕಕ್ಕೆ ಒಗ್ಗುವಂತೆ ಅವರು ವಾದ್ಯವನ್ನೇ ಮಾರ್ಪಡಿಸಿಕೊಂಡರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. ಈಗ ತೆಂಗಿನ ಸೀಮೆಯ ಛತ್ರಗಳಲ್ಲಿ ಮುಹೂರ್ತದ ಹೊತ್ತಿಗೆ ಡೋಲಿನ ಜೊತೆ ಸ್ಯಾಕ್ಸೋಫೋನ್ ಕೇಳಿಸಿದರೆ ಯಾರೂ ಅಚ್ಚರಿಯಿಂದ ತಿರುಗಿ ನೋಡುವುದಿಲ್ಲ.