ಮಸ್ಕತ್ ಡೈರಿ – 14: ಜ್ವರವೇ ಇಲ್ಲದ ಜ್ವರ

ಹೋದ ವಾರ ಅಕ್ಕ ಫೋನ್ ಮಾಡಿ, "ಪುಟ್ಟನಿಗೆ ಮತ್ತೆ ನೆಗಡಿ ಕಣೇ. ಮೆಡಿಕಲ್ ಶಾಪಿನಿಂದ ಹೋದ ವರ್ಷದ್ದೇ ಆಂಟಿಬಯಾಟಿಕ್ ತಂದು ಕೊಡ್ತಿದೀನಿ" ಅಂದಳು. ಹೋದ ವರ್ಷವೂ ಇದೇ ತಿಂಗಳು, ಅದರ ಹಿಂದಿನ ವರ್ಷವೂ ಇದೇ ತಿಂಗಳು! ಅದಕ್ಕೇ ಇವತ್ತು ಒಂದು ಹಳೇ ಕಥೆ.

ಸಾವಿರ ವರ್ಷಕ್ಕೂ ಹಿಂದೆ ಪರ್ಷಿಯಾದ ವೈದ್ಯ ಅಲ್-ರಾಜಿ ಅರಬ್ಬಿಯಲ್ಲಿ ಒಂದು ಪುಟ್ಟ ಬರಹ ಬರೆದ. ವಸಂತದಲ್ಲಿ ಗುಲಾಬಿ ಅರಳಿದಾಗ ವಿದ್ವಾಂಸ ಅಲ್-ಬಲ್ಖಿಗೆ ಯಾಕೆ ಮೂಗು ಸೋರುತ್ತೆ ಅನ್ನೋದೇ ಅದರ ವಿಷಯ. 1819ರಲ್ಲಿ ಲಂಡನ್ನಿನ ಡಾಕ್ಟರ್ ಜಾನ್ ಬೋಸ್ಟಾಕ್ ತನ್ನದೇ ಕಾಯಿಲೆಯನ್ನು ವೈದ್ಯರ ಸಭೆಯ ಮುಂದಿಟ್ಟ. ಎಂಟನೇ ವಯಸ್ಸಿನಿಂದ ಪ್ರತಿ ಬೇಸಿಗೆ ಕಣ್ಣು ತುರಿಕೆ, ಸೀನು, ಉಸಿರು ಕಟ್ಟೋದು. ಇಂಥವರನ್ನು ಹುಡುಕಿ 1828ರ ಹೊತ್ತಿಗೆ ಅವನು ಬರೆದಿಟ್ಟದ್ದು 28 ಜನರದ್ದು ಮಾತ್ರ. ಜನ ಒಣಹುಲ್ಲಿನಿಂದ ಅಂತ ತಿಳಿದು "ಹೇ ಫೀವರ್" ಅಂದರು. ಬೋಸ್ಟಾಕ್ ಬಿಸಿಲೇ ಕಾರಣ ಅಂದ. ಇಬ್ಬರದೂ ಪೂರ್ತಿ ಸರಿಯಿರಲಿಲ್ಲ. ಅದೇ ಕಾಯಿಲೆಯಿದ್ದ ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ ತನ್ನ ಮೂಗಿನ ಮೇಲೇ ಪ್ರಯೋಗ ಮಾಡಿ, ಗಾಳಿಪಟಕ್ಕೆ ಅಂಟು ಗಾಜು ಕಟ್ಟಿ ಹಾರಿಸಿ, ಹೂವಿನ ಪರಾಗವೇ ಕಾರಣ ಅಂತ 1873ರಲ್ಲಿ ಪುಸ್ತಕ ಬರೆದ.

ಇಲ್ಲಿ ಒಮಾನಿನಲ್ಲಿ ಗುವೈಫ್ ಅನ್ನೋ ಮರದ ಪರಾಗ ಬಹಳ ಜನರಿಗೆ ಆಗಲ್ಲ. ಅದು ಯಾವುದು ಗೊತ್ತಾ? ನಮ್ಮ ಬಳ್ಳಾರಿ ಜಾಲಿ! ಅಮೆರಿಕ ಖಂಡದಿಂದ ಬಂದು ಎರಡೂ ಕಡೆ ಹಬ್ಬಿಕೊಂಡಿದೆ. ಅದರ ಹತ್ತಿರದ ನೆಂಟ, ಇಲ್ಲಿಯ ಸ್ವಂತ ಮರ ಘಾಫ್ ಅಂದರೆ ನಾವು ದಸರಾಕ್ಕೆ ಪೂಜಿಸೋ ಬನ್ನಿ.

ಈಗ ಗುರುತು ನೋಡ್ಕೊಳ್ಳಿ. ನೆಗಡಿಯಾದರೆ ಮೈಕೈ ನೋವು, ಕೆಲವೊಮ್ಮೆ ಜ್ವರ, ಗಟ್ಟಿ ಸಿಂಬಳ. ಸಾಮಾನ್ಯವಾಗಿ ವಾರ ಹತ್ತು ದಿನಕ್ಕೆ ಹೋಗುತ್ತೆ. ಇದರಲ್ಲಿ ಜ್ವರ ಇರಲ್ಲ. ಸಾಲುಸಾಲು ಸೀನು, ನೀರಿನಂಥ ಮೂಗು, ಕಣ್ಣು, ಮೂಗು, ಅಂಗುಳು ಎಲ್ಲಾ ತುರಿಕೆ. ವಾರಗಟ್ಟಲೆ ಇರುತ್ತೆ, ಪ್ರತಿ ವರ್ಷ ಅದೇ ಕಾಲಕ್ಕೆ ಬರುತ್ತೆ. ಇದಕ್ಕೆ ಆಂಟಿಬಯಾಟಿಕ್ ಕೆಲಸ ಮಾಡಲ್ಲ.

ಅಕ್ಕಾ, ನಾನು ನರ್ಸ್, ಡಾಕ್ಟರ್ ಅಲ್ಲ. ಪುಟ್ಟನಿಗೆ ಸೀನು ಯಾವತ್ತು ಶುರುವಾಯ್ತು, ಎಲ್ಲಿದ್ದಾಗ ಜಾಸ್ತಿ ಅಂತ ಕ್ಯಾಲೆಂಡರಿನಲ್ಲಿ ಬರೆದು ಡಾಕ್ಟರಿಗೆ ತೋರಿಸು. ರಾತ್ರಿ ಎದೆಯಲ್ಲಿ ಸುಂಯ್ ಅಂತ ಸದ್ದು ಬಂದರೆ, ಉಸಿರಾಡಲು ಕಷ್ಟಪಟ್ಟರೆ ಕಾಯಬೇಡ, ಆಗಲೇ ಕರ್ಕೊಂಡು ಹೋಗು. ಬೋಸ್ಟಾಕ್ ಮಾಡಿದ್ದೂ ಅಷ್ಟೇ: ತನ್ನ ದೇಹವನ್ನು ಗಮನಿಸಿ ಬರೆದಿಟ್ಟ.