ಬಾಗಿಲು ಮುಚ್ಚಿಕೊಂಡ ಸರ್ಕಾರಿ ಕಚೇರಿ

ಚಿಕಾಗೋದಿಂದ ಡಾಲಸ್‌ಗೆ ವಿಮಾನದ ಟಿಕೆಟ್ ಹುಡುಕಿದರೆ ಫೋನಿನಲ್ಲಿ ಹತ್ತಾರು ಬೆಲೆ ಕಾಣುತ್ತವೆ, ಅಲ್ವಾ? ಬೆಳಗ್ಗೆ ಒಂದು ರೇಟು, ಸಂಜೆ ಇನ್ನೊಂದು. 1970ರಲ್ಲಿ ಹುಡುಕಿದ್ದರೆ ಯಾವ ಕಂಪನಿಯನ್ನು ಕೇಳಿದರೂ ಹೆಚ್ಚುಕಡಿಮೆ ಒಂದೇ ಬೆಲೆ ಸಿಗುತ್ತಿತ್ತು. ಆ ಬೆಲೆಗೆ ಒಪ್ಪಿಗೆ ಕೊಡುತ್ತಿದ್ದದ್ದು ವಾಷಿಂಗ್ಟನ್ನಿನ ಒಂದು ಕಚೇರಿ. ಹೆಸರು ಸಿವಿಲ್ ಏರೋನಾಟಿಕ್ಸ್ ಬೋರ್ಡ್.

ಅಮೆರಿಕದಲ್ಲಿ ಲಿಬರ್ಟೇರಿಯನ್ ಅಂತ ಕರೆದುಕೊಳ್ಳುವವರ ಜೊತೆ ವಾದಕ್ಕೆ ಕೂತರೆ, ಅವರು ಬೇಗನೇ ಎತ್ತುವ ಉದಾಹರಣೆಗಳಲ್ಲಿ ಈ ಕಚೇರಿಯೂ ಒಂದು. ಸರ್ಕಾರ ಪೊಲೀಸು, ಕೋರ್ಟು, ಸೇನೆ ನೋಡಿಕೊಂಡರೆ ಸಾಕು, ಯಾರು ಏನು ಮಾರಬೇಕು, ಎಷ್ಟಕ್ಕೆ ಮಾರಬೇಕು ಅನ್ನೋದರಲ್ಲಿ ಕೈ ಹಾಕಬಾರದು ಅನ್ನುವ ಜನ ಇವರು. ಕೇಳಿದ ಕೂಡಲೇ ನಮ್ಮಲ್ಲಿ ಹಲವರಿಗೆ ‘ಇದು ದುಡ್ಡಿದ್ದವರ ಪರ ಮಾತು’ ಅನ್ನಿಸುತ್ತೆ. ಅದಕ್ಕೇ ಈ ಕಥೆಯನ್ನು ಪೂರ್ತಿ ತಿಳಿದುಕೊಳ್ಳಬೇಕು, ಅವರು ಅರ್ಧಕ್ಕೆ ನಿಲ್ಲಿಸುವ ಭಾಗವನ್ನೂ ಸೇರಿಸಿ.

ಶುರುವಾಗಿದ್ದು 1938ರಲ್ಲಿ, ಆರ್ಥಿಕ ಕುಸಿತದ ಕಾಲದಲ್ಲಿ. ಕಂಪನಿಗಳು ಬೆಲೆ ಇಳಿಸುವ ಪೈಪೋಟಿಗೆ ಬಿದ್ದು ಒಂದನ್ನೊಂದು ಮುಳುಗಿಸುತ್ತವೆ ಅನ್ನುವ ಭಯ ಇತ್ತು. ಹಾಗಾಗಿ ಯಾರು, ಎಲ್ಲಿಂದ ಎಲ್ಲಿಗೆ, ಎಷ್ಟು ದುಡ್ಡಿಗೆ ಹಾರಬಹುದು ಅನ್ನೋದನ್ನೆಲ್ಲ ಸರ್ಕಾರವೇ ತೀರ್ಮಾನಿಸಲಿ ಅಂತಾಯ್ತು. ಉದ್ದೇಶ ಕೆಟ್ಟದ್ದೇನಲ್ಲ. ಆದರೆ ಮುಂದಿನ 40 ವರ್ಷ ಏನಾಯ್ತು ನೋಡಿ. 1950ರಿಂದ 1974ರವರೆಗೆ ಹೊಸದಾಗಿ ಈ ವ್ಯಾಪಾರಕ್ಕೆ ಬರ್ತೀವಿ ಅಂತ 79 ಅರ್ಜಿಗಳು ಬಂದವು. ಒಪ್ಪಿದ್ದು ಒಂದನ್ನೂ ಇಲ್ಲ. ವರ್ಲ್ಡ್ ಏರ್‌ವೇಸ್ ಅನ್ನುವ ಕಂಪನಿ 1967ರಲ್ಲಿ ನ್ಯೂಯಾರ್ಕಿನಿಂದ ಕ್ಯಾಲಿಫೋರ್ನಿಯಾಕ್ಕೆ ಕಡಿಮೆ ಬೆಲೆಗೆ ಹಾರಿಸ್ತೀವಿ ಅಂತ ಕೇಳಿತು. ಬೋರ್ಡು ಆರು ವರ್ಷಕ್ಕಿಂತ ಹೆಚ್ಚು ಕಾಲ ಅರ್ಜಿ ಇಟ್ಟುಕೊಂಡು, ಕೊನೆಗೆ ಕಾಗದಪತ್ರ ಹಳತಾಗಿದೆ ಅಂತ ವಜಾ ಮಾಡಿತು! ಹಳತು ಮಾಡಿದ್ದು ಯಾರು ಅಂತ ಕೇಳಬೇಡಿ.

ಬೆಲೆಯಲ್ಲಿ ಪೈಪೋಟಿ ಇಲ್ಲದ ಮೇಲೆ ಕಂಪನಿಗಳು ಊಟದಲ್ಲಿ, ಸೀಟಿನ ಅಗಲದಲ್ಲಿ ಪೈಪೋಟಿ ಮಾಡಿದವು. ಅಮೆರಿಕನ್ ಏರ್‌ಲೈನ್ಸ್ ತನ್ನ ಜಂಬೋ ವಿಮಾನಗಳಲ್ಲಿ ಪಿಯಾನೋ ಕೂಡ ಇಟ್ಟಿತ್ತು. ಆ ಪಿಯಾನೋದ ಖರ್ಚೂ ಟಿಕೆಟ್ಟಿನಲ್ಲೇ ಸೇರಿತ್ತು ಬಿಡಿ.

ಗುಟ್ಟು ರಟ್ಟಾಗಿದ್ದು ಟೆಕ್ಸಸ್ಸಿನಲ್ಲಿ. ಬೋರ್ಡಿನ ಅಧಿಕಾರ ಇದ್ದದ್ದು ರಾಜ್ಯದ ಗಡಿ ದಾಟುವ ವಿಮಾನಗಳ ಮೇಲೆ ಮಾತ್ರ. ಡಾಲಸ್, ಹ್ಯೂಸ್ಟನ್, ಸ್ಯಾನ್ ಆಂಟೋನಿಯೋ ಮೂರೂ ಒಂದೇ ರಾಜ್ಯದಲ್ಲಿವೆ. ಈ ಮೂರರ ನಡುವೆ ಅಗ್ಗವಾಗಿ ಹಾರಿಸೋಣ ಅಂತ ಹೊರಟಿತು ಸೌತ್‌ವೆಸ್ಟ್. 1968ರಲ್ಲೇ ರಾಜ್ಯದ ಅನುಮತಿ ಸಿಕ್ಕಿತು. ಆದರೂ ಮೊದಲ ವಿಮಾನ ಮೇಲೆದ್ದದ್ದು 1971ರ ಜೂನ್ 18ಕ್ಕೆ. ಮೂರು ವರ್ಷ ತಡೆದವರು ಯಾರು? ಈಗಾಗಲೇ ಒಳಗಿದ್ದ ಬ್ರಾನಿಫ್, ಕಾಂಟಿನೆಂಟಲ್ ಮತ್ತು ಟ್ರಾನ್ಸ್-ಟೆಕ್ಸಸ್ ಕಂಪನಿಗಳು, ಕೋರ್ಟಿನ ಮೇಲೆ ಕೋರ್ಟು ಹತ್ತಿ. ಅದೇ ವರ್ಷ ಜಾರ್ಜ್ ಸ್ಟಿಗ್ಲರ್ ಎಂಬ ಅರ್ಥಶಾಸ್ತ್ರಜ್ಞ ಒಂದು ಪ್ರಬಂಧ ಬರೆದರು. ನಮ್ಮಲ್ಲಿ ಬೇಲಿಯೇ ಎದ್ದು ಹೊಲ ಮೇಯ್ದಂತೆ ಅಂತಾರಲ್ಲ, ಸ್ಟಿಗ್ಲರ್ ಹೇಳಿದ್ದು ಸ್ವಲ್ಪ ಬೇರೆ: ಎಷ್ಟೋ ಸಲ ಬೇಲಿ ಹಾಕಿಸಿಕೊಳ್ಳೋದು ಒಳಗೆ ಮೇಯುತ್ತಿರುವ ದನಗಳೇ.

ಬೇಲಿ ಕಿತ್ತವರು ಲಿಬರ್ಟೇರಿಯನ್ನರು ಅಂದುಕೊಂಡ್ರಾ? ಬಹುಪಾಲು ಅಲ್ಲ. 1975ರಲ್ಲಿ ವಿಚಾರಣೆ ನಡೆಸಿದ್ದು ಸೆನೆಟರ್ ಟೆಡ್ ಕೆನಡಿ, ಉದಾರವಾದಿ ಡೆಮಾಕ್ರಾಟ್. ಅದನ್ನು ಸಿದ್ಧಪಡಿಸಿದ್ದು ಮುಂದೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದ ಸ್ಟೀಫನ್ ಬ್ರೇಯರ್. ಗ್ರಾಹಕರ ಪರ ಹೋರಾಟಗಾರ ರಾಲ್ಫ್ ನೇಡರ್ ಕೂಡ ಬೆಂಬಲಿಸಿದರು. ವಿರೋಧಿಸಿದ್ದು ಬಹುತೇಕ ದೊಡ್ಡ ವಿಮಾನ ಕಂಪನಿಗಳು (ಯುನೈಟೆಡ್ ಬಿಟ್ಟು) ಮತ್ತು ಕಾರ್ಮಿಕ ಸಂಘಗಳು. ಅಧ್ಯಕ್ಷ ಕಾರ್ಟರ್ 1977ರಲ್ಲಿ ಕಾರ್ನೆಲ್‌ನ ಪ್ರೊಫೆಸರ್ ಆಲ್ಫ್ರೆಡ್ ಕಾನ್ ಅವರನ್ನು ಬೋರ್ಡಿಗೆ ಮುಖ್ಯಸ್ಥರನ್ನಾಗಿ ಮಾಡಿದರು. ಅವರು ತಾವು ಕೂತ ಕುರ್ಚಿಯನ್ನೇ ಬೇಡವಾಗಿಸುವ ಕೆಲಸಕ್ಕೆ ಕೂತರು. 1978ರ ಅಕ್ಟೋಬರ್ 24ರಂದು ಕಾನೂನಿಗೆ ಸಹಿ ಬಿತ್ತು. 1984ರ ಕೊನೆಗೆ ಬೋರ್ಡು ಬಾಗಿಲು ಮುಚ್ಚಿತು. ಸರ್ಕಾರಿ ಕಚೇರಿಯೊಂದು ಹೀಗೆ ಮುಚ್ಚಿದ್ದು ಎಲ್ಲಾದರೂ ಕೇಳಿದ್ದೀರಾ?

ಹಣದುಬ್ಬರ ಕಳೆದು ನೋಡಿದರೆ ಟಿಕೆಟ್ ಬೆಲೆ ಮುಂದಿನ ದಶಕಗಳಲ್ಲಿ ಬಹಳ ಇಳಿಯಿತು. ನಮ್ಮ ಕಡೆಗೂ ಇದರದ್ದೇ ರೀತಿಯ ಗಾಳಿ ಬೀಸಿತು, ತಡವಾಗಿ. 1953ರಲ್ಲಿ ಭಾರತ ವಿಮಾನ ಕಂಪನಿಗಳನ್ನು ರಾಷ್ಟ್ರೀಕರಣ ಮಾಡಿತ್ತು, ಆ ಕಾನೂನು ಹೋಗಿದ್ದು 1994ರಲ್ಲಿ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಬೆಂಗಳೂರಿನಿಂದ ಹುಬ್ಬಳ್ಳಿಗೆ ಏರ್ ಡೆಕ್ಕನ್ ಹಾರಿಸಿದ್ದು ಆ ತೆರೆದ ಬಾಗಿಲಿನಿಂದಲೇ.

ಈಗ ಉಳಿದರ್ಧ. ಬ್ರಾನಿಫ್ ಹುಚ್ಚೆದ್ದು ಬೆಳೆದು 1982ರಲ್ಲಿ ಕುಸಿಯಿತು. ಈಸ್ಟರ್ನ್, ಪ್ಯಾನ್ ಆಮ್ ಎರಡೂ 1991ರಲ್ಲಿ ಮುಗಿದವು. ಸಾವಿರಾರು ಜನರ ಕೆಲಸ ಹೋಯ್ತು, ಉಳಿದವರ ಸಂಬಳ ಇಳಿಯಿತು. ಅಗ್ಗದ ಟಿಕೆಟ್ಟಿನ ಬೆಲೆಯಲ್ಲಿ ಅದೂ ಸೇರಿದೆ ಅನ್ನೋದನ್ನು ಮರೆಯೋದು ಸುಲಭ. ಸಣ್ಣ ಊರುಗಳಿಗೆ ವಿಮಾನ ತಪ್ಪದಿರಲಿ ಅಂತ 10 ವರ್ಷದ ಮಟ್ಟಿಗೆ ಕೊಟ್ಟ ಸಹಾಯಧನ ಇವತ್ತಿಗೂ ನಿಂತಿಲ್ಲ. ಇನ್ನೊಂದು ವಿಷಯ: ಸುರಕ್ಷತೆಯ ನಿಯಮಗಳನ್ನು ಆಗ ಯಾರೂ ಕಿತ್ತಿರಲಿಲ್ಲ. ಅದು ಬೇರೆ ಸಂಸ್ಥೆಯ ಕೈಯಲ್ಲಿತ್ತು, ಹಾಗೇ ಉಳಿಯಿತು. ಈ ಕಥೆ ಹೇಳಿ ‘ಎಲ್ಲ ನಿಯಮವೂ ಹೋಗಲಿ’ ಅನ್ನುವವರಿಗೆ ಇದನ್ನು ನೆನಪಿಸಿ.

2001ರ ದಾಳಿಯ ನಂತರ ಕಾಂಗ್ರೆಸ್ಸು ಈ ಕಂಪನಿಗಳಿಗೆ 500 ಕೋಟಿ ಡಾಲರ್ ನೇರವಾಗಿ, 1,000 ಕೋಟಿ ಡಾಲರ್‌ವರೆಗೆ ಸಾಲದ ಖಾತರಿಯಾಗಿ ಕೊಟ್ಟಿತು. 2020ರಲ್ಲಿ ಅದಕ್ಕಿಂತ ದೊಡ್ಡ ಮೊತ್ತ. ಮಾತಿಗೆ ತಕ್ಕಂತೆ ನಡೆಯುವ ಲಿಬರ್ಟೇರಿಯನ್ನರು ಇದನ್ನೂ ಬೈದರು, ಕಂಪನಿಗಳು ಸುಮ್ಮನೆ ಇಸ್ಕೊಂಡವು.

ಇವತ್ತು ಅಮೆರಿಕದ ಒಳಗಿನ ಪ್ರಯಾಣದ ದೊಡ್ಡ ಪಾಲು ನಾಲ್ಕೇ ಕಂಪನಿಗಳ ಕೈಲಿದೆ. ಮತ್ತೆ ಕಟ್ಟುನಿಟ್ಟು ಬೇಕು ಅನ್ನುವವರ ದನಿ ಜೋರಾಗಿದೆ. 2024ರ ಜನವರಿಯಲ್ಲಿ ಜೆಟ್‌ಬ್ಲೂ ಮತ್ತು ಸ್ಪಿರಿಟ್ ಒಂದಾಗೋದನ್ನು ಕೋರ್ಟು ತಡೆಯಿತು. ಲಿಬರ್ಟೇರಿಯನ್ನರು ಬೇರೆ ಬೇಲಿ ತೋರಿಸುತ್ತಾರೆ. ಬೆಂಗಳೂರಿನಿಂದ ದುಬೈ ಮೇಲೆ ಎಮಿರೇಟ್ಸ್‌ನಲ್ಲಿ ಡಾಲಸ್‌ಗೆ ಬಂದಿದ್ದೀರಿ ಅನ್ನಿ. ಡಾಲಸ್‌ನಿಂದ ಸಿಯಾಟಲ್‌ಗೆ ಬರೀ ಆ ಒಂದು ಹಾರಾಟಕ್ಕೆ ಅದೇ ಎಮಿರೇಟ್ಸ್ ಟಿಕೆಟ್ ಮಾರುವಂತಿಲ್ಲ, ಕಾನೂನು ಬಿಡಲ್ಲ. ಬಿಡಲಿ ಅಂತ ನನಗೂ ಅನ್ನಿಸುತ್ತೆ, ಆದರೆ ನ್ಯೂಯಾರ್ಕಿನಂಥ ಕಡೆ ವಿಮಾನ ಇಳಿಯಲು ಜಾಗವೇ ಇಲ್ಲದಿರುವಾಗ ಬರೀ ಅದರಿಂದ ಬೆಲೆ ಬೀಳುತ್ತೆ ಅನ್ನೋದು ನಂಬಲು ಕಷ್ಟ. ಹಾಗೆ ಬಿಡಬಾರದು ಅಂತ ಹಟ ಹಿಡಿದವರಲ್ಲಿ ದೊಡ್ಡ ವಿಮಾನ ಕಂಪನಿಗಳೂ ಇವೆ, ಪೈಲಟ್ ಸಂಘಗಳೂ ಇವೆ. 1978ರಲ್ಲಿ ನಿಂತಿದ್ದ ಸಾಲಿನಲ್ಲೇ.