ಕುದುರೆಯ ಹಾದಿಯಲ್ಲಿ ಮನುಷ್ಯನ ಓಟ

1974ರ ಆಗಸ್ಟ್ 3ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನೂರು ಮೈಲಿಗಳ ಕುದುರೆ ಓಟವೊಂದು ನಡೆಯಿತು. ಸಿಯೆರಾ ನೆವಾಡ ಪರ್ವತದ ಸ್ಕ್ವಾ ವ್ಯಾಲಿಯಿಂದ ಹೊರಟು, ಕಾಡು ಕಣಿವೆಗಳನ್ನು ದಾಟಿ, ಆಬರ್ನ್ ಎಂಬ ಹಳೆಯ ಚಿನ್ನದ ಗಣಿ ಊರನ್ನು 24 ಗಂಟೆಯೊಳಗೆ ತಲುಪಬೇಕು. ಅಂದು ಸವಾರರ ನಡುವೆ ಒಬ್ಬರಿಗೆ ಮಾತ್ರ ಕುದುರೆ ಇರಲಿಲ್ಲ. 27ರ ಹರೆಯದ ಗೋರ್ಡಿ ಏನ್ಸ್‌ಲೀ ತಮ್ಮ ಎರಡು ಕಾಲುಗಳನ್ನೇ ನಂಬಿ ಹೊರಟಿದ್ದರು. 23 ಗಂಟೆ 42 ನಿಮಿಷಗಳ ನಂತರ ಅವರು ಆಬರ್ನ್ ಸೇರಿದರು. ಇಂದು ಜಗತ್ತಿನ ನಾನಾ ಕಾಡುಗಳಲ್ಲಿ ನಡೆಯುವ ನೂರು ಮೈಲಿಗಳ ಓಟಗಳು ತಮ್ಮ ಮೂಲವನ್ನು ಗುರುತಿಸುವುದು ಆ ದಿನದಲ್ಲಿ.

ಮ್ಯಾರಥಾನ್ ಓಟದ ದೂರ 42.195 ಕಿಲೋಮೀಟರ್. ಅದಕ್ಕಿಂತ ಉದ್ದದ ಯಾವ ಓಟವಾದರೂ ಅಲ್ಟ್ರಾ ಮ್ಯಾರಥಾನ್ ಎನಿಸಿಕೊಳ್ಳುತ್ತದೆ. ರಸ್ತೆಯ ಮೇಲಿನ ಇಂಥ ಓಟಗಳು ಹಳೆಯವು. ದಕ್ಷಿಣ ಆಫ್ರಿಕದ ಹೆಸರಾಂತ ‘ಕಾಮ್ರೇಡ್ಸ್’ ಓಟ 1921ರಲ್ಲೇ ಆರಂಭವಾಯಿತು. ಆದರೆ ಕಾಡಿನ ಕಾಲುದಾರಿಯ ನೂರು ಮೈಲಿ ಓಟದ ಹುಟ್ಟು ಬೇರೆ. ಅದು ಬಂದದ್ದು ಕುದುರೆಗಳಿಂದ. ಬರುವಾಗ ಕುದುರೆಗಳ ಒಂದು ನಿಯಮವನ್ನೂ ಜೊತೆಗೆ ತಂದಿತು.

ಆಬರ್ನಿನ ವೆಂಡೆಲ್ ರಾಬಿ ಮರದ ವ್ಯಾಪಾರಿ, ಬ್ಯಾಂಕಿನ ಒಡೆಯ, ಕುದುರೆಗಳ ಪ್ರೇಮಿ. ಮೋಟಾರಿನ ಯುಗದಲ್ಲಿ ಹುಟ್ಟಿದ ಕುದುರೆಗಳಿಗೆ ಒಂದೇ ದಿನದಲ್ಲಿ ನೂರು ಮೈಲಿ ನಡೆಯುವ ತಾಕತ್ತಿಲ್ಲ ಎಂಬ ಮಾತನ್ನು ಅವರು ಒಪ್ಪಲಿಲ್ಲ. 1955ರಲ್ಲಿ ಗೆಳೆಯರೊಡನೆ ಹಳೆಯ ಬೆಟ್ಟದ ಹಾದಿಯಲ್ಲಿ ಸವಾರಿ ಹೊರಟು, ದಿನದೊಳಗೇ ಊರು ತಲುಪಿ ತೋರಿಸಿದರು. ಅಲ್ಲಿಂದ ಅದು ವರ್ಷಕ್ಕೊಮ್ಮೆಯ ಪಂದ್ಯವಾಯಿತು, ‘ಟೆವಿಸ್ ಕಪ್’ ಎಂಬ ಹೆಸರು ಪಡೆಯಿತು.

ಈ ಬಗೆಯ ಪಂದ್ಯದಲ್ಲಿ ವೇಗವೊಂದೇ ಮುಖ್ಯವಲ್ಲ. ದಾರಿಯುದ್ದಕ್ಕೂ ಪಶುವೈದ್ಯರ ತಪಾಸಣಾ ಠಾಣೆಗಳಿರುತ್ತವೆ. ಕುದುರೆಯ ನಾಡಿ ಬಡಿತ ನಿಗದಿತ ಮಟ್ಟಕ್ಕೆ ಇಳಿಯುವವರೆಗೆ ಅದನ್ನು ಮುಂದೆ ಬಿಡುವುದಿಲ್ಲ. ಚರ್ಮವನ್ನು ಚಿವುಟಿ ಎಳೆದು ಬಿಟ್ಟಾಗ ಅದು ಎಷ್ಟು ಬೇಗ ಮೊದಲಿನಂತಾಗುತ್ತದೆ ಎಂದು ನೋಡುತ್ತಾರೆ. ನಿಧಾನವಾದರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದರ್ಥ. ವಸಡಿನ ಬಣ್ಣ ನೋಡುತ್ತಾರೆ, ಕರುಳಿನ ಸದ್ದು ಆಲಿಸುತ್ತಾರೆ, ನಾಲ್ಕು ಹೆಜ್ಜೆ ಓಡಿಸಿ ಕುಂಟುತ್ತಿದೆಯೇ ಎಂದು ಪರೀಕ್ಷಿಸುತ್ತಾರೆ. ‘ಮುಂದುವರಿಯಲು ಯೋಗ್ಯ’ ಎಂದು ವೈದ್ಯರು ಹೇಳದಿದ್ದರೆ ಸವಾರನ ಆಟ ಅಲ್ಲಿಗೇ ಮುಗಿಯಿತು. ಮೊದಲು ಗುರಿ ಮುಟ್ಟಿದ ಹತ್ತು ಕುದುರೆಗಳಲ್ಲಿ ಅತ್ಯುತ್ತಮ ಸ್ಥಿತಿಯಲ್ಲಿರುವ ಕುದುರೆಗೆ 1964ರಿಂದ ಪ್ರತ್ಯೇಕ ಬಹುಮಾನವೂ ಇದೆ.

ಇದರ ಹಿಂದಿನ ತರ್ಕ ಸರಳ. ಕುದುರೆ ತನ್ನ ನೋವನ್ನು ಹೇಳಿಕೊಳ್ಳಲಾರದು. ಸವಾರನಿಗೆ ಗೆಲ್ಲುವ ಆಸೆ. ಆದ್ದರಿಂದ ‘ಇನ್ನು ಸಾಕು’ ಎನ್ನುವ ಅಧಿಕಾರ ಮೂರನೆಯವರ ಕೈಯಲ್ಲಿರಬೇಕು.

ಈ ಹಾದಿಯನ್ನು ಕಾಲ್ನಡಿಗೆಯಲ್ಲಿ ಮುಗಿಸಿದವರಲ್ಲಿ ಏನ್ಸ್‌ಲೀ ಮೊದಲಿಗರಲ್ಲ. 1972ರಲ್ಲಿ ಕ್ಯಾನ್ಸಸ್‌ನ ಫೋರ್ಟ್ ರೈಲಿಯಿಂದ ಬಂದ 20 ಸೈನಿಕರು ಪ್ರಯತ್ನಿಸಿದ್ದರು. ಅವರಲ್ಲಿ ಏಳು ಮಂದಿ ಎರಡು ದಿನಗಳೊಳಗೆ ಮುಗಿಸಿದರು. ಏನ್ಸ್‌ಲೀ ಹೊಸದಾಗಿ ಮಾಡಿದ್ದು ಕುದುರೆಯ ಗಡುವಿನೊಳಗೆ ಓಡಿದ್ದು. ಅವರೂ ಮೊದಲು ಸವಾರರೇ. 1973ರಲ್ಲಿ ಅವರ ಕುದುರೆ ಕುಂಟಿ, ಅರ್ಧದಲ್ಲೇ ಬಿಡಬೇಕಾಯಿತು. ಓಡಿಯೇ ನೋಡು ಎಂದು ಹುರಿದುಂಬಿಸಿದವರು ಪಂದ್ಯದ ಕಾರ್ಯದರ್ಶಿ ಡ್ರುಸಿಲ್ಲಾ ಬಾರ್ನರ್. 1961ರಲ್ಲಿ ಟೆವಿಸ್ ಕಪ್ ಗೆದ್ದು, ಅದನ್ನು ಗೆದ್ದ ಮೊದಲ ಮಹಿಳೆ ಎನಿಸಿಕೊಂಡಿದ್ದವರು ಅವರು. ಏನ್ಸ್‌ಲೀ ಓಡಿದ ದಿನ ಕಣಿವೆಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟಿತ್ತು.

1975ರಲ್ಲಿ ಇನ್ನೊಬ್ಬರು ಓಡಿ, ಕೊನೆಯ ಕೆಲವೇ ಮೈಲಿಗಳಿರುವಾಗ ನಿಂತುಬಿಟ್ಟರು. 1976ರಲ್ಲಿ ಕೆನ್ ಶರ್ಕ್ ಮುಗಿಸಿದರು. 24 ಗಂಟೆಯ ಗಡುವಿಗಿಂತ ಅರ್ಧ ಗಂಟೆಯಷ್ಟು ತಡವಾಯಿತು. 1977ರಲ್ಲಿ ರಾಬಿ ಮತ್ತು ಸಂಗಡಿಗರು ‘ವೆಸ್ಟರ್ನ್ ಸ್ಟೇಟ್ಸ್’ ಓಟವನ್ನು ವಿಧಿವತ್ತಾಗಿ ಆರಂಭಿಸಿದರು. ಆ ವರ್ಷ ಓಟಗಾರರು 14 ಮಂದಿ. ಕುದುರೆಗಳ ಜೊತೆಯಲ್ಲೇ ಓಟ, ಕುದುರೆಗಳಿಗಾಗಿ ಇದ್ದ ಠಾಣೆಗಳಲ್ಲೇ ಮನುಷ್ಯರ ಮೇಲೂ ನಿಗಾ. ಮೂರು ಕಡೆ ನೀರು ಬಿಟ್ಟರೆ ಉಳಿದದ್ದನ್ನೆಲ್ಲ ಅವರವರೇ ಹೊತ್ತೊಯ್ಯಬೇಕು. ಹನ್ನೊಂದು ಮಂದಿ ನಡುವೆ ಬಿಟ್ಟರು ಅಥವಾ ಅವರನ್ನು ತಡೆಯಲಾಯಿತು. ಗಡುವಿನೊಳಗೆ ಮುಗಿಸಿದವರು 22 ವರ್ಷದ ಆಂಡಿ ಗೊನ್ಸಾಲೆಸ್ ಒಬ್ಬರೇ.

ಇನ್ನಿಬ್ಬರು 28 ಗಂಟೆ 36 ನಿಮಿಷಗಳಲ್ಲಿ ಒಟ್ಟಿಗೆ ಗುರಿ ಮುಟ್ಟಿದರು: ಪೀಟರ್ ಮಟೈ ಮತ್ತು 54 ವರ್ಷದ ರಾಲ್ಫ್ ಪ್ಯಾಫೆನ್‌ಬಾರ್ಗರ್. ಈ ಎರಡನೆಯವರು ಸಾಮಾನ್ಯರಲ್ಲ. ವ್ಯಾಯಾಮಕ್ಕೂ ಆಯುಷ್ಯಕ್ಕೂ ಇರುವ ನಂಟನ್ನು ಹುಡುಕಿದ ವೈದ್ಯವಿಜ್ಞಾನಿ. ಸ್ಯಾನ್ ಫ್ರಾನ್ಸಿಸ್ಕೊ ಬಂದರಿನ ಹಮಾಲರು, ಹಾರ್ವರ್ಡ್ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳು ಇವರ ಅಧ್ಯಯನದ ವಸ್ತು. ಮೈಗೆ ಕೆಲಸ ಕೊಡುವವರು ಕೂತೇ ಇರುವವರಿಗಿಂತ ಹೆಚ್ಚು ಕಾಲ ಬದುಕುತ್ತಾರೆಂಬುದಕ್ಕೆ ಅವರು ಅಂಕಿ-ಅಂಶಗಳ ಆಧಾರ ಒದಗಿಸಿದರು. ತಡವಾಗಿ ಬಂದ ಈ ಇಬ್ಬರನ್ನು ಕಂಡು ಓಟಗಾರರಿಗೆ 30 ಗಂಟೆಗಳ ಗಡುವು ಬಂತು. ಇಂದಿಗೂ 24 ಗಂಟೆಯೊಳಗೆ ಮುಗಿಸಿದವರಿಗೆ ಬೆಳ್ಳಿಯ, 30 ಗಂಟೆಯೊಳಗೆ ಮುಗಿಸಿದವರಿಗೆ ಕಂಚಿನ ಸೊಂಟಪಟ್ಟಿಯ ಬಕಲ್ ಸಿಗುತ್ತದೆ.

1978ರಲ್ಲಿ ಓಟ ಕುದುರೆಗಳಿಂದ ಬೇರೆಯಾಯಿತು. 63 ಮಂದಿ ಹೊರಟು 30 ಮಂದಿ ಮುಗಿಸಿದರು. 29 ಗಂಟೆ 34 ನಿಮಿಷಗಳಲ್ಲಿ ಗುರಿ ಮುಟ್ಟಿದ ಪ್ಯಾಟ್ ಸ್ಮೈತ್ ಇದನ್ನು ಮುಗಿಸಿದ ಮೊದಲ ಮಹಿಳೆಯಾದರು. ಕುದುರೆಗಳು ಹೋದರೂ ಅವುಗಳ ನಿಯಮ ಉಳಿಯಿತು. ಆರು ಕಡೆ ವೈದ್ಯಕೀಯ ತಪಾಸಣೆ ಇತ್ತು. ತೂಕ ತೀರಾ ಇಳಿದ, ಮಾತು ತೊದಲುವ, ಹೆಜ್ಜೆ ತಪ್ಪುವ ಓಟಗಾರನನ್ನು ನಿಲ್ಲಿಸುವ ಪದ್ಧತಿ ಬೇರೂರಿತು. ಮನುಷ್ಯನಿಗೆ ಬಾಯಿ ಇದೆಯಲ್ಲ, ಮತ್ತೇಕೆ ಈ ಕಾವಲು? ಬಾಯಿ ಇದೆ, ಆದರೆ ಆ ಹೊತ್ತಿನಲ್ಲಿ ಅದು ನಿಜ ಹೇಳುವುದಿಲ್ಲ. ವರ್ಷಗಟ್ಟಲೆ ತಯಾರಾಗಿ ಬಂದವನು ಎಂಬತ್ತನೆಯ ಮೈಲಿಯಲ್ಲಿ ‘ಚೆನ್ನಾಗಿದ್ದೇನೆ’ ಎಂದೇ ಹೇಳುತ್ತಾನೆ. ಅಲ್ಲಿ ಕುದುರೆಯೂ ಅವನೇ, ಸವಾರನೂ ಅವನೇ.

ಕಾಡಿನ ಹಾದಿ ಮೈಯನ್ನು ಹೇಗೆ ದಂಡಿಸುತ್ತದೆ ಎಂಬುದನ್ನು ನೋಡಿದರೆ ಈ ಕಾವಲಿನ ಅಗತ್ಯ ತಿಳಿಯುತ್ತದೆ. ವೆಸ್ಟರ್ನ್ ಸ್ಟೇಟ್ಸ್ ಹಾದಿಯಲ್ಲಿ ಒಟ್ಟು ಏರು ಸುಮಾರು 5,500 ಮೀಟರ್, ಇಳಿತ ಸುಮಾರು 7,000 ಮೀಟರ್. ಮೊದಲ ಬಾರಿ ಓಡುವವರು ಏರಿಗೆ ಅಂಜುತ್ತಾರೆ. ಹೆಚ್ಚಿನ ಪೆಟ್ಟು ಕೊಡುವುದು ಇಳಿಜಾರು. ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಸಾವಿರಾರು ಹೆಜ್ಜೆಗಳಲ್ಲಿ ಅದರ ಎಳೆಗಳು ಹರಿಯುತ್ತವೆ. ಸ್ನಾಯುವಿನೊಳಗಿನ ಪದಾರ್ಥ ರಕ್ತಕ್ಕೆ ಸೇರಿ ಮೂತ್ರಪಿಂಡದ ಮೇಲೆ ಹೊರೆಯಾಗುತ್ತದೆ. ದೇಹ ಕೂಡಿಟ್ಟ ಸಕ್ಕರೆಯಂಶ ಕೆಲವೇ ಗಂಟೆಗಳಿಗೆ ಸಾಕು, ಆಮೇಲೆ ತಿನ್ನುತ್ತಲೇ ಹೋಗಬೇಕು. ಆದರೆ ರಕ್ತವೆಲ್ಲ ಕಾಲಿಗೂ ಚರ್ಮಕ್ಕೂ ಹರಿದಿರುವಾಗ ಹೊಟ್ಟೆ ಅರಗಿಸಲು ಒಪ್ಪದು, ವಾಂತಿಯಾಗುತ್ತದೆ. ಅನುಭವಿಗಳು ಕಡಿದಾದ ಏರುಗಳನ್ನು ನಾಚಿಕೆಯಿಲ್ಲದೆ ನಡೆದೇ ಹತ್ತುವುದು ಇದಕ್ಕಾಗಿ.

ಕಾವಲುಗಾರರೂ ಕಲಿಯಬೇಕಾಯಿತು. ಬಹುಕಾಲ ತೂಕ ಇಳಿಯುವುದೇ ಅಪಾಯವೆಂಬ ನಂಬಿಕೆಯಿತ್ತು. ಎಷ್ಟು ನೀರು ಕುಡಿದರೂ ಒಳ್ಳೆಯದೇ ಎನ್ನುತ್ತಿದ್ದರು. 1985ರಲ್ಲಿ ದಕ್ಷಿಣ ಆಫ್ರಿಕದ ಟಿಮ್ ನೋಕ್ಸ್ ಮತ್ತು ಸಂಗಡಿಗರು ಇದಕ್ಕೆ ವಿರುದ್ಧವಾದ ಪ್ರಕರಣಗಳನ್ನು ವರದಿ ಮಾಡಿದರು. ದೀರ್ಘ ಓಟದಲ್ಲಿ ಅತಿಯಾಗಿ ನೀರು ಕುಡಿದರೆ ರಕ್ತದ ಸೋಡಿಯಂ ತೆಳುವಾಗುತ್ತದೆ, ಮಿದುಳು ಊದಿಕೊಳ್ಳುತ್ತದೆ, ಪ್ರಜ್ಞೆ ತಪ್ಪಬಹುದು. ತೂಕ ಇಳಿದವನಿಗಿಂತ ಏರಿದವನೇ ಹೆಚ್ಚು ಅಪಾಯದಲ್ಲಿರಬಹುದು ಎಂಬುದು ಆಗ ತಿಳಿಯಿತು. ತಕ್ಕಡಿಯ ಮುಳ್ಳನ್ನಷ್ಟೇ ನೋಡಿ ತೀರ್ಪು ಕೊಡುವ ಕ್ರಮ ಕ್ರಮೇಣ ಹಿಂದೆ ಸರಿಯಿತು. ಬಾಯಾರಿದಾಗ ಕುಡಿ ಎಂಬ ಹಳೆಯ ಬುದ್ಧಿಯೇ ವೈದ್ಯರ ಸಲಹೆಯಾಯಿತು.

ಮಿತಿ ಮನುಷ್ಯನಿಗೆ ಮಾತ್ರವಲ್ಲ, ಕಾಡಿಗೂ ಇದೆ. 1984ರಲ್ಲಿ ಹಾದಿಯ ಆರಂಭದ ಭಾಗ ‘ಗ್ರಾನೈಟ್ ಚೀಫ್’ ಸಂರಕ್ಷಿತ ಅರಣ್ಯವಾಯಿತು. ಇಂಥ ಅರಣ್ಯದಲ್ಲಿ ಪಂದ್ಯಗಳಿಗೆ ಅವಕಾಶವಿಲ್ಲ. ಮೊದಲಿನಿಂದ ನಡೆದು ಬಂದ ಓಟವೆಂದು ಇದಕ್ಕೆ ವಿನಾಯಿತಿ ಸಿಕ್ಕಿತು. ಓಟಗಾರರ ಸಂಖ್ಯೆಗೆ 369ರ ಮಿತಿ ಬಿತ್ತು. ಸಾವಿರಾರು ಅರ್ಜಿಗಳು ಬರುವುದರಿಂದ ಲಾಟರಿ ಎತ್ತುತ್ತಾರೆ. ಹೆಸರು ಬಂದವರು ಎಂಟು ಗಂಟೆ ಸ್ವಯಂಸೇವೆ ಮಾಡಬೇಕು: ಹಾದಿ ಸವರುವುದು, ಬಿದ್ದ ಮರ ತೆಗೆಯುವುದು, ಕೊಚ್ಚಿಹೋದ ಮಣ್ಣು ಕಟ್ಟುವುದು ಮುಂತಾದ ಕೆಲಸ. 2008ರಲ್ಲಿ ಕಾಳ್ಗಿಚ್ಚಿನಿಂದಾಗಿ ಓಟವನ್ನೇ ರದ್ದು ಮಾಡಿದರು.

ಅಲ್ಲಿಂದ ಈ ಪದ್ಧತಿ ದೂರ ಹರಡಿತು. ಕೊಲರಾಡೊದ ಲೆಡ್‌ವಿಲ್‌ನಲ್ಲಿ ಗಣಿ ಮುಚ್ಚಿ ಜನ ಕೆಲಸ ಕಳೆದುಕೊಂಡಾಗ, ಊರಿಗೆ ಜೀವ ತುಂಬಲೆಂದು 1983ರಲ್ಲಿ ನೂರು ಮೈಲಿ ಓಟ ಆರಂಭಿಸಿದರು. ಯುರೋಪಿನ ಮಾಂಟ್ ಬ್ಲಾಂಕ್ ಶಿಖರವನ್ನು ಸುತ್ತುವ ಓಟ 2003ರಲ್ಲಿ ಬಂತು. 2016ರಲ್ಲಿ ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ‘ಮಲ್ನಾಡ್ ಅಲ್ಟ್ರಾ’ ನಡೆದು, ನಮ್ಮ ಮಲೆನಾಡಿನ ಏರಿಳಿತಕ್ಕೂ ಈ ಓಟ ಕಾಲಿಟ್ಟಿತು.

ಹಾಗೆ ಹರಡಿದಲ್ಲೆಲ್ಲ ಠಾಣೆಗಳಿವೆ, ಪ್ರತಿ ಠಾಣೆಗೂ ಸಮಯದ ಗಡುವಿದೆ, ಓಟಗಾರನ ಮುಖ ನೋಡಿ ಅಳೆಯುವ ಕಣ್ಣುಗಳಿವೆ. ಮೊದಲ ಸಲ ಓಡುವವರಿಗೆ ಅಲ್ಲಿ ತಡೆಯುವ ಕೈ ಶತ್ರುವಿನಂತೆ ಕಾಣುವುದು ಸಹಜ. ಆದರೆ ಏನ್ಸ್‌ಲೀ 1974ರಲ್ಲಿ ಓಡಲು ನಿಂತದ್ದೇ ಹಿಂದಿನ ವರ್ಷ ಅವರ ಕುದುರೆ ನಡುದಾರಿಯಲ್ಲಿ ನಿಂತದ್ದರಿಂದ. ಅಂದು ಆ ಕುದುರೆಯನ್ನು ಆಬರ್ನಿನವರೆಗೆ ಬಡಿದು ಓಡಿಸಿದ್ದರೆ ಈ ಓಟದ ಕಥೆಯೇ ಇರುತ್ತಿರಲಿಲ್ಲ.